ರಿಯಾಯಿತಿ ಮಾಲು ಕೆಟ್ಟರೆ

(ಹೊಸಹೊಳಲು ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



'ಸ್ಟಾಕ್ ಕ್ಲಿಯರೆನ್ಸ್' ಬೋರ್ಡ್ ನೋಡಿ ಸಂಘದ ಸಾಲದಲ್ಲಿ ಟಿ.ವಿ. ತರ್ತೀವಿ. ವಾರಕ್ಕೇ ಕೆಟ್ಟರೆ ಅಂಗಡಿಯವರು, "ಕಮ್ಮಿ ರೇಟಿಂದು, ವಾಪಸ್ ಇಲ್ಲ" ಅಂತಾರೆ. ಸಾಲದ ಕಂತು ಮಾತ್ರ ನಿಲ್ಲಲ್ಲ! ಬೆಲೆ ಇಳಿದರೂ ನಾವು ಗ್ರಾಹಕರೇ. ಗೀರು ಬಿದ್ದಿದೆ ಎಂದು ಮೊದಲೇ ಹೇಳಿ ಮಾರಿದ್ದರೆ ಆ ಗೀರಿಗೆ ತಕರಾರು ನಿಲ್ಲದು. ಮುಚ್ಚಿಟ್ಟ ದೋಷ ಬೇರೆ ಮಾತು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ. ದೋಷವಿರುವ ಮಾಲನ್ನು ಬಿಲ್‌ನಲ್ಲಿ ಬರೆದ ಅವಧಿಯೊಳಗೆ, ಬರೆಯದಿದ್ದರೆ 30 ದಿನದೊಳಗೆ, ವಾಪಸ್ ಪಡೆಯದಿರುವುದೂ ಅಷ್ಟೇ. ಮೊದಲು ಅಂಗಡಿಗೆ ಬರೆದು ಕೊಡೋಣ, ನಕಲು ಇಟ್ಟುಕೊಳ್ಳೋಣ. ಆಮೇಲೆ 1915ಕ್ಕೆ ಫೋನ್ ಮಾಡೋಣ. ಆಗಲೂ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಮಂಡ್ಯದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು, ಮಾಲು ಮೈಸೂರಲ್ಲಿ ಕೊಂಡಿದ್ದರೂ ಸರಿ. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇ ಬೇಕೆಂದೂ ಇಲ್ಲ.