ಮೈಸೂರಿನ ಆಶ್ರಯ ಪಡೆದ ಪಿಯಾನೋ ವಿದ್ವಾಂಸರು



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆಯವರಿಗೆ ಹರಕೆಯ ಆಟವೆಂದರೇನೆಂದು ವಿವರಿಸಬೇಕಾಗಿಲ್ಲ. ಗೃಹಸ್ಥನೊಬ್ಬನು ಕಟೀಲಿನ ದೇವಿಗೆ ಹರಕೆ ಹೊತ್ತು ಮೇಳವನ್ನು ಕರೆಸುತ್ತಾನೆ. ವೆಚ್ಚವು ಅವನದು, ಕೇಳುವ ಸುಖವು ಊರಿನದು. ಕಲಾಪೋಷಣೆಯಲ್ಲಿ ಇದಕ್ಕಿಂತ ಉದಾರವಾದ ಕ್ರಮವನ್ನು ನಾವು ಕಾಣೆವು. ಇದೇ ಬಗೆಯ ಸೇವೆಯೊಂದು ನಮ್ಮ ನಾಡಿನಿಂದ ಲಂಡನ್ನಿನಲ್ಲಿದ್ದ ಪಿಯಾನೋ ವಿದ್ವಾಂಸರೊಬ್ಬರಿಗೆ ಸಂದಿತು. ಆ ವೃತ್ತಾಂತವೇ ಈ ಭಾಷಣದ ವಿಷಯ.

ನಿಕೊಲಾಯ್ ಮೆಟ್ನರ್ ಅವರು ೧೮೮೦ರಲ್ಲಿ ಮಾಸ್ಕೋ ನಗರದಲ್ಲಿ ಜನಿಸಿದರು. ಪಿಯಾನೋವಿನ ಮೊದಲ ಪಾಠ ತಾಯಿಯಿಂದಲೇ ಆಯಿತು. ೧೯೦೦ರಲ್ಲಿ ಅವರು ಅಲ್ಲಿನ ಸಂಗೀತ ವಿದ್ಯಾಲಯದಿಂದ ಗೌರವದೊಡನೆ ಹೊರಬಂದಾಗ, ದೇಶ ದೇಶಗಳಲ್ಲಿ ಕಛೇರಿ ಮಾಡಿ ಕೀರ್ತಿಯನ್ನೂ ಧನವನ್ನೂ ಗಳಿಸುವ ಹಾದಿ ತೆರೆದೇ ಇತ್ತು. ಅವರಾದರೋ ಮುಖ್ಯವಾಗಿ ರಚನೆಗೆ ಮನಸ್ಸನ್ನು ಕೊಟ್ಟರು. ಹದಿನಾಲ್ಕು ಸೊನಾಟಗಳು, ‘ಕಥೆ’ಗಳೆಂದು ಅವರು ಕರೆದ ಕಿರುರಚನೆಗಳು, ಪಿಯಾನೋ ದೊಡ್ಡ ವಾದ್ಯವೃಂದದೊಡನೆ ಸಂವಾದ ನಡೆಸುವ ಮೂರು ಕನ್ಸರ್ಟೋಗಳು, ಇವು ಅವರ ಬಾಳಿನ ಬೆಳೆ.

ಕ್ರಾಂತಿಯ ತರುವಾಯ, ೧೯೨೧ರಲ್ಲಿ, ಅವರು ರಷ್ಯವನ್ನು ಬಿಟ್ಟರು. ಜರ್ಮನಿ, ಫ್ರಾನ್ಸುಗಳಲ್ಲಿದ್ದು ೧೯೩೫ರಲ್ಲಿ ಲಂಡನ್ನಿಗೆ ಬಂದರು. ಅಷ್ಟರಲ್ಲಿ ಸಂಗೀತದ ಅಭಿರುಚಿ ಬದಲಾಗಿತ್ತು. ಅವರು ಮಾತ್ರ ಬದಲಾಗಲೊಪ್ಪಲಿಲ್ಲ. ಗೆಳೆಯರಾದ ರಾಖ್ಮಾನಿನೋಫ್ ಅವರು ತಮ್ಮ ನಾಲ್ಕನೆಯ ಕನ್ಸರ್ಟೋವನ್ನು ಮೆಟ್ನರ್ ಅವರಿಗೆ ಅರ್ಪಿಸಿದ್ದರು. ಬಲ್ಲವರ ಮನ್ನಣೆಗೆ ಕೊರತೆಯಿರಲಿಲ್ಲ, ಜನರ ಮನ್ನಣೆ ಕಡಮೆಯಾಗಿತ್ತು. ಯುದ್ಧ ಬಂದೊಡನೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು. ೧೯೪೨ರಲ್ಲಿ ಹೃದಯವ್ಯಾಧಿಯೂ ಕಾಡಿತು.

ಇತ್ತ ಮೈಸೂರಿನಲ್ಲಿ ೧೯೧೯ರಲ್ಲಿ ಜನಿಸಿದ ಶ್ರೀ ಜಯಚಾಮರಾಜ ಒಡೆಯರು ಪಿಯಾನೋ ವಾದಕರಾಗಬೇಕೆಂಬ ಹಂಬಲವುಳ್ಳವರು. ೧೯೪೦ರಲ್ಲಿ ಕೆಲವೇ ತಿಂಗಳುಗಳ ಅಂತರದಲ್ಲಿ ತಂದೆಯವರೂ ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡರು. ರಾಜ್ಯಭಾರವು ಹೆಗಲಿಗೆ ಬಂದಿತು. ವಾದಕನ ಬಾಳು ದೂರ ಸರಿಯಿತು. ಮುಂದೆ ಅವರೇ ಕರ್ಣಾಟಕ ಸಂಗೀತದಲ್ಲಿ ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದರು. ತಾವು ನಡೆಯಲಾಗದ ಹಾದಿಯಲ್ಲಿ ನಡೆದವರನ್ನು ಅವರು ಮರೆಯಲಿಲ್ಲ. ಮೆಟ್ನರ್ ಅವರ ಕೃತಿಗಳನ್ನು ಅವರ ಬೆರಳುಗಳಿಂದಲೇ ನುಡಿಸಿ ಮುದ್ರಿಸುವುದಕ್ಕೆ ಮೈಸೂರಿನ ಧನ ಒದಗಿತು. ಅದಕ್ಕೆಂದೇ ಮೆಟ್ನರ್ ಸಂಘ ಹುಟ್ಟಿತು. ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷ ಮಾತ್ರ ಹಿಡಿಯುವ ಗ್ರಾಮಾಫೋನ್ ತಟ್ಟೆಗಳ ಕಾಲವದು. ಆ ತಟ್ಟೆಗಳಿಗಾಗಿ ಅರುವತ್ತೇಳು ವರ್ಷದ ರೋಗಿ ೧೯೪೭ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದದೊಡನೆ ತಮ್ಮ ಕನ್ಸರ್ಟೋಗಳನ್ನು ನುಡಿಸಿದರು. ಮೂರನೆಯದನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. ೧೯೫೧ರ ನವೆಂಬರಿನಲ್ಲಿ ಅವರು ತೀರಿಕೊಂಡರು. ಅವರ ವಾದನವು ಉಳಿಯಿತು.

ಕೃತಿಯನ್ನು ಬರೆದಿಟ್ಟ ಮೇಲೆ ಮುದ್ರಣವೇತಕ್ಕೆ ಎಂದು ಕೇಳಬಹುದು. ಬರೆಹದಲ್ಲಿ ಸ್ವರವಿರುತ್ತದೆ, ಎಲ್ಲಿ ತಡೆಯಬೇಕು, ಎಲ್ಲಿ ಒತ್ತಬೇಕು ಎಂಬುದೆಲ್ಲವೂ ಅದರಲ್ಲಿ ಹಿಡಿಯದು. ಪ್ರಸಂಗದ ಪುಸ್ತಕದಲ್ಲಿ ಪದ್ಯವುಂಟು, ರಾಗತಾಳಗಳ ಹೆಸರುಂಟು; ಭಾಗವತರ ನಡೆ ಅವರ ಕಂಠದಲ್ಲಿಯೇ ಇರತಕ್ಕದ್ದು. ಮೂಡುಬಿದಿರೆಯ ಬಳಿಯ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು, ಐದು ದಿನಗಳ ದೇವೀಮಹಾತ್ಮೆಯ ಪ್ರಸಂಗವನ್ನು ಬರೆದವರು, ೨೦೨೩ರಲ್ಲಿ ನಮ್ಮನ್ನಗಲಿದರು. ಅವರ ಹಾಡುಗಾರಿಕೆಯ ಮುದ್ರಣಗಳು ಉಳಿದಿರುವುದರಿಂದಲೇ ಬಲಿಪರ ಶೈಲಿಯೆಂದರೇನೆಂಬುದನ್ನು ಮುಂದಿನವರು ಕೇಳಿ ತಿಳಿಯಬಲ್ಲರು.

ಆದಕಾರಣ ನಮ್ಮದೊಂದು ಸೂಚನೆ. ಹರಕೆಯ ಆಟವನ್ನು ಆಡಿಸುವ ಗೃಹಸ್ಥರು, ಚೆಂಡೆ ಮದ್ದಳೆಗಳ ಅಬ್ಬರದಲ್ಲಿಯೂ ಭಾಗವತರ ಪದ ಸ್ಪಷ್ಟವಾಗಿ ಕೇಳುವಂತೆ ಆ ರಾತ್ರಿಯನ್ನು ಮುದ್ರಿಸಿಡುವುದಕ್ಕೂ ವೆಚ್ಚದಲ್ಲಿ ಒಂದು ಪಾಲನ್ನು ತೆಗೆದಿಡಲಿ. ಊರಿಗೆ ಸಲ್ಲುವ ಸೇವೆ ಹಾಗೆ ಮುಂದಿನ ತಲೆಮಾರಿಗೂ ಸಲ್ಲುವುದು.