ಆಚಾರ್ರ ಅಂಗಳದಲ್ಲಿ ಶಿಷ್ಯನಿಲ್ಲ

ಇವತ್ತು ಒಂದು ದಿನ ವಿಧಾನಸೌಧ ಬಿಟ್ಟುಬಿಡೋಣ. ಮರದ ಕೆಲಸದ ಬಗ್ಗೆ ಮಾತಾಡೋಣ.

ಊಟಿಗೆ ಹೋದವರು ಸೇಂಟ್ ಸ್ಟೀಫನ್ಸ್ ಚರ್ಚ್ ನೋಡಿರ್ತೀರಿ. 1830ರ ಆಸುಪಾಸಿನ ಕಟ್ಟಡ. ಮುಂದಿನ ಸಲ ಹೋದಾಗ ಸ್ವಲ್ಪ ತಲೆ ಎತ್ತಿ ಮೇಲೆ ನೋಡಿ. ಅಲ್ಲಿರೋ ತೊಲೆಗಳು ನಮ್ಮ ಶ್ರೀರಂಗಪಟ್ಟಣದವು. ಟಿಪ್ಪು ಅರಮನೆಯ ಮರವನ್ನ ಬಿಚ್ಚಿ, ಘಟ್ಟ ಹತ್ತಿಸಿ ಒಯ್ದರು ಬ್ರಿಟಿಷರು. ಅರಮನೆ ಹೊತ್ತಿದ್ದ ತೊಲೆ ಚರ್ಚನ್ನೂ ಹೊತ್ತುಕೊಂಡು ನಿಂತಿದೆ. ನಮ್ಮಲ್ಲಿ ಉಳಿದಿರೋದು 1784ರ ದರಿಯಾ ದೌಲತ್. ತೇಗದ ಕಟ್ಟಡ. ಜನ ಹೋಗ್ತಾರೆ, ಗೋಡೆ ಮೇಲಿನ ಪೊಳ್ಳಿಲೂರು ಯುದ್ಧದ ಚಿತ್ರ ನೋಡ್ತಾರೆ, ಸೆಲ್ಫಿ ತಗೋತಾರೆ. ಆ ಕಂಬಗಳನ್ನ ಕೆತ್ತಿದ ಆಚಾರಿ ಯಾರು ಅಂತ ಒಬ್ಬರೂ ಕೇಳಲ್ಲ. ಕೇಳಿದ್ರೂ ಹೇಳೋಕೆ ಹೆಸರು ಉಳಿದಿಲ್ಲ ಬಿಡಿ.

ಕೆನಡಾ, ನಾರ್ವೆ ಕಡೆ ದಿಮ್ಮಿ ಮೇಲೆ ದಿಮ್ಮಿ ಪೇರಿಸಿ ಇಡೀ ಗೋಡೇನೇ ಕಟ್ತಾರೆ. ನಮ್ಮ ಸೀಮೇಲಿ ಹಾಗೆ ಮಾಡಿದ್ರೆ ಗೆದ್ದಲಿಗೆ ಹಬ್ಬ. ಅದಕ್ಕೇ ನಮ್ಮೋರು ಗೋಡೆ ಮಣ್ಣಿನಲ್ಲಿ ಕಟ್ಟಿದ್ರು, ಕಂಬ, ಬೋದಿಗೆ, ತೊಲೆ, ಜಂತೆ ಮರದಲ್ಲಿ ಮಾಡಿದ್ರು. ಕಂಬದ ಕೆಳಗೆ ಕಲ್ಲು ಇಟ್ರು. ನೆಲದ ತೇವ ಮರಕ್ಕೆ ಹತ್ತಬಾರದು ನೋಡಿ. ಪಾಂಡವಪುರ, ಕೆ.ಆರ್. ಪೇಟೆ ಕಡೆ ಹಳೇ ತೊಟ್ಟಿ ಮನೆ ಇದ್ರೆ ಒಳಗೆ ಹೋಗಿ ನೋಡಿ, ಗೊತ್ತಾಗುತ್ತೆ.

ಹೋದ ತಿಂಗಳು ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಎಂಬತ್ತು ದಾಟಿದ ಆಚಾರ್ರು. ಎಷ್ಟೋ ತೊಟ್ಟಿ ಮನೆಗೆ ತೊಲೆ ಏರಿಸಿದ ಕೈ, ಹತ್ತಾರು ಹುಡುಗರಿಗೆ ಉಳಿ ಹಿಡಿಯೋದು ಕಲಿಸಿದ ಕೈ. ಅಂಗಳದಲ್ಲಿ ಒಂದು ಹಲಸಿನ ತುಂಡು ಬಿದ್ದಿತ್ತು. "ಇದ್ಯಾಕೆ ಹಂಗೇ ಬಿಟ್ಟಿದ್ದೀರಿ ಆಚಾರ್ರೇ?" ಅಂದೆ.

"ಒಣಗ್ಲಿ ಸ್ವಾಮಿ. ಹಸಿ ಮರಕ್ಕೆ ಬಾಚಿ ಹಾಕಿದ್ರೆ ನಾಳೆ ಬಾಗ್ಲೇ ಮುಚ್ಚಾಕಿಲ್ಲ. ನಮ್ಮಪ್ಪ ದಿಮ್ಮಿನ ಕೆರೇಲಿ ಮುಳುಗ್ಸಿ ಇಡೋರು, ಆಮೇಲೆ ನೆಳ್ಳಲ್ಲಿ ಒಣಗ್ಸೋರು."

ಇದು ಅಜ್ಜನ ಕಾಲದ ನಂಬಿಕೆ ಅಂದುಕೋಬೇಡಿ. ನೀರಲ್ಲಿ ನೆನೆದರೆ ಮರದೊಳಗಿನ ಪಿಷ್ಟ ಕಡಿಮೆಯಾಗುತ್ತೆ, ಪಿಷ್ಟ ತಿನ್ನೋ ಹುಳದ ಕಾಟವೂ ಕಡಿಮೆಯಾಗುತ್ತೆ. ಚೇಗು ಎಲ್ಲಿಂದ ಶುರುವಾಗುತ್ತೆ, ಹೊರಗಿನ ಬಿಳಿ ಭಾಗ ಎಷ್ಟು ತೆಗೀಬೇಕು ಅಂತ ಆ ಮನುಷ್ಯ ಬೆರಳಲ್ಲಿ ತಟ್ಟಿ ಹೇಳ್ತಾರೆ. ನಾನೂ ತಟ್ಟಿ ನೋಡಿದೆ. ನನಗೆ ಎಲ್ಲ ಒಂದೇ ಸದ್ದು.

"ಈಗ ಕಲಿಯೋಕೆ ಯಾರು ಬರ್ತಾರೆ?" ಅಂತ ಕೇಳಿದೆ. ನಕ್ಕರು. ಮಗ ಬೆಂಗಳೂರಲ್ಲಿ ಪ್ಲೈವುಡ್ ಕಪಾಟು ಜೋಡಿಸ್ತಾನೆ. ಸಂಪಾದನೆ ಪರವಾಗಿಲ್ಲ. ಅವನನ್ನ ಬೈಯೋಕೆ ನನಗೂ ಮನಸ್ಸಿಲ್ಲ, ಅವರಪ್ಪನಿಗೂ ಇಲ್ಲ.

ಈಗ ಸರ್ಕಾರದ ವಿಷಯಕ್ಕೆ ಬರ್ತೀನಿ. 2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಯೋಜನೆ ಶುರುವಾಯ್ತು. 18 ಕಸುಬು, ಅದರಲ್ಲಿ ಬಡಗಿ ಕೆಲಸವೂ ಒಂದು. ಉಪಕರಣಕ್ಕೆ 15,000 ರೂಪಾಯಿ, ತರಬೇತಿ ಹೊತ್ತಲ್ಲಿ ದಿನಕ್ಕೆ 500, ಶೇಕಡಾ 5ರ ಬಡ್ಡೀಲಿ ಸಾಲ. ಒಳ್ಳೇದೇ, ನಾನು ಬೇಡ ಅನ್ನಲ್ಲ. ಆದ್ರೆ ಮೂಲ ತರಬೇತಿ ಎಷ್ಟು ದಿನ? ಐದರಿಂದ ಏಳು ದಿನ. ಮುಂದಿನದು ಹದಿನೈದು ದಿನ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು. ಮತ್ತೆ ಅರ್ಜಿ ಹಾಕೋನು ಆಗಲೇ ಆ ಕಸುಬು ಮಾಡ್ತಿರಬೇಕು! ಹೊಸದಾಗಿ ಕಲಿಯೋಕೆ ಬರೋ ಹುಡುಗ ಎಲ್ಲಿಗೆ ಹೋಗಬೇಕು? ಗುರು-ಶಿಷ್ಯ ಪರಂಪರೆ ಅನ್ನೋ ಮಾತು ಯೋಜನೆಯ ಕಾಗದದಲ್ಲೇ ಇದೆ. ಎರಡು ವರ್ಷ ಹುಡುಗನಿಗೆ ಊಟ ಹಾಕಿ, ಅವನು ಕೆಡಿಸಿದ ಮರದ ನಷ್ಟ ಹೊತ್ತು, ಕೈ ಹಿಡಿದು ಕಲಿಸೋ ಮುದುಕನ ಲೆಕ್ಕ ಮಾತ್ರ ಅದರಲ್ಲಿ ನನಗೆ ಕಾಣಲಿಲ್ಲ.

ಕೆನಡಾದಲ್ಲಿ ಬಿ. ಅಲನ್ ಮ್ಯಾಕಿ ಅಂತ ಒಬ್ಬರು. ದಿಮ್ಮಿ ಮನೆ ಕಟ್ಟೋ ಕಲೆ ಅಲ್ಲೂ ಮರೆತುಹೋಗ್ತಿತ್ತು. 1970ರ ದಶಕದಲ್ಲಿ ಅವರು ಪುಸ್ತಕ ಬರೆದರು, ಪ್ರಿನ್ಸ್ ಜಾರ್ಜ್ ಅನ್ನೋ ಊರಿನ ಕಡೆ ಶಾಲೆ ಮಾಡಿದ್ರು. ಬಂದವರ ಕೈಗೇ ಕೊಡಲಿ ಕೊಟ್ಟು ಕಲಿಸಿದ್ರು. ನಮ್ಮಲ್ಲೂ ಇಂಥ ಹುಚ್ಚಿನ ಮನುಷ್ಯ ಇದ್ರು. ಮಣಿಪಾಲದ ವಿಜಯನಾಥ ಶೆಣೈ. ಬ್ಯಾಂಕ್ ನೌಕರ. ಬೀಳ್ತಿದ್ದ ಮನೆಗಳ ಕಂಬ, ತೊಲೆ ಬಿಚ್ಚಿ ತಂದು ಮತ್ತೆ ಜೋಡಿಸಿ ಒಂದು ಪಾರಂಪರಿಕ ಗ್ರಾಮವನ್ನೇ ನಿಲ್ಲಿಸಿ 2017ರಲ್ಲಿ ತೀರಿಕೊಂಡ್ರು.

ನಮ್ಮ ಮಂಡ್ಯ ಸೀಮೆಯ ಕಂಬಗಳೂ ಬಿಚ್ಚಿಕೊಂಡು ಹೋಗ್ತಾ ಇವೆ. ರೆಸಾರ್ಟ್‌ಗಳಿಗೆ. ಜೋಡಿಸೋಕೆ ಮಾತ್ರ ಕೇರಳದಿಂದ ಆಚಾರಿಗಳನ್ನ ಕರೆಸ್ತಾರೆ.

ಹೊರಡುವಾಗ ಕೇಳಿದೆ, "ಇಬ್ಬರು ಹುಡುಗರನ್ನ ಕಳಿಸಿದ್ರೆ ಕಲಿಸ್ತೀರಾ ಆಚಾರ್ರೇ?"

"ಕಳ್ಸಿ ಸ್ವಾಮಿ. ಈ ಹಲಸು ಒಣಗೋದ್ರೊಳ್ಗೆ ಕಳ್ಸಿ" ಅಂದ್ರು.

ತಾಲ್ಲೂಕಿನ ಐಟಿಐನವರ ಹತ್ರ ಮಾತಾಡ್ತೀನಿ ಅಂತ ಹೇಳಿ ಬಂದಿದ್ದೀನಿ. ನೀವೆಲ್ಲ ಕೇಳಿಸ್ಕೊಂಡಿದ್ದೀರಿ, ಇನ್ನು ನಾನು ಮಾತಾಡಲೇಬೇಕು.