ಅರೆಮಾತಿನ ವಿಷ: ‘ಒಥೆಲೊ’ ನಾಟಕದಲ್ಲಿ ಸಂಶಯ ಮತ್ತು ಸಂಚು

ಷೇಕ್ಸ್‌ಪಿಯರನ ‘ಒಥೆಲೊ’ ನಾಟಕದಲ್ಲಿ ಡೆಸ್ಡಿಮೋನಾ ಗಂಡನಿಗೆ ದ್ರೋಹ ಮಾಡಿದಳು ಎನ್ನುವುದಕ್ಕೆ ಮೊದಲಿನಿಂದ ಕೊನೆಯವರೆಗೆ ಒಂದೇ ಒಂದು ಸಾಕ್ಷಿ ಸಿಗುವುದಿಲ್ಲ. ಸಿಗುವುದು ಒಂದು ಕರವಸ್ತ್ರ, ಯಾರೂ ಕಾಣದ ಒಂದು ಕನಸಿನ ವರದಿ, ದೂರದಿಂದ ನೋಡಿದ ಒಂದು ನಗು. ಇಷ್ಟರಿಂದಲೇ ಒಥೆಲೊ ಎಂಬ ಮಹಾ ದಂಡನಾಯಕ ತಾನು ಮನಸಾರೆ ಮೆಚ್ಚಿ ಮದುವೆಯಾದ ಹೆಂಡತಿಯನ್ನು ಹಾಸಿಗೆಯ ಮೇಲೆ ಉಸಿರುಗಟ್ಟಿಸಿ ಕೊಲ್ಲುತ್ತಾನೆ. ಅದು ಹೇಗೆ ಸಾಧ್ಯವಾಯಿತು ಎಂಬುದನ್ನು ನಾಟಕ ಪ್ರೇಕ್ಷಕರ ಕಣ್ಣೆದುರೇ ಎಳೆ ಎಳೆಯಾಗಿ ಬಿಡಿಸುತ್ತದೆ. ಚಾಡಿ ಕೆಲಸ ಮಾಡುವ ಬಗೆಯನ್ನು ಇಷ್ಟು ಹತ್ತಿರದಿಂದ ಕಂಡ ಇನ್ನೊಂದು ನಾಟಕ ಸಿಗುವುದು ಕಷ್ಟ.

ರಚನೆಯ ಕಾಲ 1603–04ರ ಸುಮಾರು. ದಾಖಲೆಯಿರುವ ಮೊದಲ ಪ್ರದರ್ಶನ ನಡೆದದ್ದು 1604ರ ನವೆಂಬರ್ 1ರಂದು, ಲಂಡನ್ನಿನ ವೈಟ್‌ಹಾಲ್ ಅರಮನೆಯಲ್ಲಿ, ದೊರೆ ಒಂದನೇ ಜೇಮ್ಸನ ಆಸ್ಥಾನಕ್ಕಾಗಿ. ಕಥೆಯ ಮೂಲ ಇಟಲಿಯ ಜಿರಾಲ್ಡಿ ಚಿಂತಿಯೊ 1565ರಲ್ಲಿ ಪ್ರಕಟಿಸಿದ ಕಥಾಸಂಗ್ರಹದಲ್ಲಿದೆ. ಅಲ್ಲಿ ಹೆಸರಿರುವುದು ಡಿಸ್ಡಿಮೋನಾಳಿಗೆ ಮಾತ್ರ. ಉಳಿದವರು ಬರೀ ಮೂರ್ ಜನಾಂಗದ ನಾಯಕ, ಧ್ವಜಧಾರಿ, ದಳಪತಿ. ಧ್ವಜಧಾರಿಗೆ ಡಿಸ್ಡಿಮೋನಾಳ ಮೇಲೆ ಆಸೆ, ಅದು ಕೈಗೂಡದೆ ಅವನು ಸೇಡಿಗಿಳಿಯುತ್ತಾನೆ. ಕೊಲೆಯೂ ಒರಟು: ಮರಳು ತುಂಬಿದ ಕಾಲುಚೀಲದಿಂದ ಬಡಿದು ಸಾಯಿಸಿ, ಮೇಲೆ ಸೂರು ಕೆಡವಿ, ಆಕಸ್ಮಿಕ ಎಂದು ನಂಬಿಸುತ್ತಾರೆ. ಷೇಕ್ಸ್‌ಪಿಯರ್ ಈ ಅಪರಾಧದ ಕಥೆಯಿಂದ ಸೇಡಿನ ಸರಳ ಕಾರಣವನ್ನು ತೆಗೆದುಹಾಕಿದ. ಬಹುಕಾಲ ನಡೆಯುವ ಘಟನೆಗಳನ್ನು ವೆನಿಸ್ಸಿನ ಒಂದು ರಾತ್ರಿಗೂ ಸೈಪ್ರಸ್ಸಿನ ಕೆಲವೇ ಹೊತ್ತಿಗೂ ಇಳಿಸಿದ. ಯೋಚಿಸಲು ಯಾರಿಗೂ ಬಿಡುವು ಸಿಗದಂತೆ ಮಾಡಿದ.

ಈ ನಾಟಕವನ್ನು ಹೊಟ್ಟೆಕಿಚ್ಚಿನ ದುರಂತ ಎಂದು ಕರೆಯುವುದು ರೂಢಿ. ಆದರೆ ಕನ್ನಡದಲ್ಲಿ ಹೊಟ್ಟೆಕಿಚ್ಚು ಬೇರೆ, ಸಂಶಯ ಬೇರೆ. ಇನ್ನೊಬ್ಬರಿಗೆ ಇದೆ, ತನಗಿಲ್ಲ ಎಂದು ಕುದಿಯುವುದು ಹೊಟ್ಟೆಕಿಚ್ಚು. ತನ್ನದು ತನಗೆ ತಪ್ಪಿಹೋಗುತ್ತಿದೆ ಎಂದು ಬೇಯುವುದು ಸಂಶಯ. ಈ ಎರಡು ಮಾತುಗಳನ್ನು ಬಿಡಿಸಿ ಇಟ್ಟುಕೊಂಡರೆ ನಾಟಕದ ಒಳಗಿನ ಹೊಂದಿಕೆ ಚೆನ್ನಾಗಿ ಕಾಣುತ್ತದೆ. ಹೊಟ್ಟೆಕಿಚ್ಚು ಇರುವುದು ಒಥೆಲೊನ ಧ್ವಜಧಾರಿ ಇಯಾಗೊಗೆ. ಒಥೆಲೊಗೆ ಮೊದಲು ಎರಡೂ ಇಲ್ಲ. ಒಬ್ಬನ ಹೊಟ್ಟೆಯಲ್ಲಿದ್ದ ಕಿಚ್ಚು ಇನ್ನೊಬ್ಬನ ತಲೆಯಲ್ಲಿ ಸಂಶಯವಾಗಿ ಹೊತ್ತಿಕೊಳ್ಳುವುದೇ ಇಲ್ಲಿನ ಕಥೆ.

ಇಯಾಗೊಗೆ ಯಾಕೆ ಕಿಚ್ಚು? ಕಾರಣಗಳನ್ನು ಅವನೇ ಹೇಳುತ್ತಾನೆ, ಬೇಕಾದ್ದಕ್ಕಿಂತ ಹೆಚ್ಚೇ ಹೇಳುತ್ತಾನೆ. ತನಗೆ ಬರಬೇಕಾದ ಲೆಫ್ಟಿನೆಂಟ್ ಹುದ್ದೆ ಯುದ್ಧ ಕಾಣದ ಕ್ಯಾಸಿಯೊಗೆ ಹೋಯಿತು. ತನ್ನ ಹೆಂಡತಿ ಎಮಿಲಿಯಾಳ ಜೊತೆ ಒಥೆಲೊಗೆ ಸಂಬಂಧವಿದೆ ಎಂದು ಊರಲ್ಲಿ ಗಾಳಿಮಾತಿದೆ. ಕ್ಯಾಸಿಯೊ ಮೇಲೂ ಅದೇ ಅನುಮಾನ. ಡೆಸ್ಡಿಮೋನಾಳ ಮೇಲೆ ತನಗೂ ಒಂದು ಬಗೆಯ ಆಸೆ. ಇಷ್ಟೊಂದು ಕಾರಣ ಕೊಡುವವನ ಯಾವ ಕಾರಣವೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಕವಿ ಕೋಲ್‌ರಿಜ್ 19ನೇ ಶತಮಾನದ ಆರಂಭದಲ್ಲಿ ಇದನ್ನು ಗಮನಿಸಿ, ಇಯಾಗೊನದು ಉದ್ದೇಶವೇ ಇಲ್ಲದ ಕೇಡಿಗತನ, ಅದು ನೆಪ ಹುಡುಕುತ್ತಾ ಹೋಗುತ್ತದೆ ಎಂಬ ಅರ್ಥದ ಟಿಪ್ಪಣಿ ಬರೆದ. ಈ ಮಾತು ಪ್ರಸಿದ್ಧವಾಯಿತು. ಆದರೂ ಐದನೇ ಅಂಕದಲ್ಲಿ ಇಯಾಗೊ ಕ್ಯಾಸಿಯೊನನ್ನು ಕುರಿತು ಆಡುವ ಒಂದು ಸಣ್ಣ ಮಾತು ಅವನ ಬೇರೆಲ್ಲ ಕಾರಣಗಳಿಗಿಂತ ನಿಜವಾಗಿದೆ: ಕ್ಯಾಸಿಯೊನ ದಿನದಿನದ ಬದುಕಿನಲ್ಲಿ ಒಂದು ಚೆಲುವಿದೆ, ಅದರ ಪಕ್ಕ ನಿಂತರೆ ತಾನು ಕುರೂಪಿಯಾಗಿ ಕಾಣುತ್ತೇನೆ ಎನ್ನುತ್ತಾನೆ. ಹೊಟ್ಟೆಕಿಚ್ಚಿನ ಬೇರು ಇಲ್ಲಿದೆ.

ಅವನ ಸಂಚಿಗೆ ಬಂಡವಾಳ ಬೇರೆಯವರ ಒಳ್ಳೆಯ ಗುಣಗಳೇ. ಕ್ಯಾಸಿಯೊ ಸಂಕೋಚದ, ಸಭ್ಯ ಮನುಷ್ಯ. ಕುಡಿತ ತಡೆಯದು ಎಂದು ಗೊತ್ತಿದ್ದೂ ಗೆಳೆಯರ ಒತ್ತಾಯಕ್ಕೆ ಇಲ್ಲ ಎನ್ನಲಾರ; ಕುಡಿದು ಜಗಳವಾಡಿ ಹುದ್ದೆ ಕಳೆದುಕೊಳ್ಳುತ್ತಾನೆ. ಆಗ ಸಮಾಧಾನ ಹೇಳುವವನೂ ಇಯಾಗೊನೇ: ಡೆಸ್ಡಿಮೋನಾ ದಯಾವಂತೆ, ಅವಳಿಂದ ಒಂದು ಮಾತು ಹೇಳಿಸು. ಸಲಹೆಯಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಡೆಸ್ಡಿಮೋನಾ ನಿಜಕ್ಕೂ ದಯಾವಂತೆ, ಹಿಡಿದ ಪಟ್ಟು ಬಿಡದೆ ಗಂಡನ ಬಳಿ ಕ್ಯಾಸಿಯೊ ಪರ ಮಾತಾಡುತ್ತಾಳೆ. ಅವಳು ಎಷ್ಟು ಒಳ್ಳೆಯವಳಾಗುತ್ತಾಳೋ ಅಷ್ಟೂ ಅಪರಾಧಿಯಾಗಿ ಕಾಣುತ್ತಾಳೆ. ಪ್ರಾಮಾಣಿಕ ಎಂಬ ವಿಶೇಷಣ, ಅದರ ಬೇರೆ ರೂಪಗಳೂ ಸೇರಿ, ಈ ನಾಟಕದಲ್ಲಿ 50ಕ್ಕೂ ಹೆಚ್ಚು ಸಲ ಬರುತ್ತದೆ. ಅದು ಮತ್ತೆ ಮತ್ತೆ ಅಂಟಿಕೊಳ್ಳುವುದು ಇಯಾಗೊ ಹೆಸರಿಗೆ. ಅವನು ಸುಳ್ಳುಗಾರನಂತೆ ಮಾತಾಡುವುದು ಹೆಚ್ಚಾಗಿ ಪ್ರೇಕ್ಷಕರ ಜೊತೆ ಒಂಟಿಯಾಗಿದ್ದಾಗ.

ನಾಟಕದ ಎದೆಬಡಿತ ಮೂರನೇ ಅಂಕದ ಮೂರನೇ ದೃಶ್ಯದಲ್ಲಿದೆ. ಡೆಸ್ಡಿಮೋನಾ ಜೊತೆ ಮಾತಾಡುತ್ತಿದ್ದ ಕ್ಯಾಸಿಯೊ, ಒಥೆಲೊ ಬರುವುದನ್ನು ಕಂಡು ನಾಚಿಕೆಯಿಂದ ಹೊರಟುಬಿಡುತ್ತಾನೆ. ಇಯಾಗೊ ತನಗೆ ಇದು ಹಿಡಿಸಲಿಲ್ಲವೆಂಬಂತೆ ಗೊಣಗುತ್ತಾನೆ. ಏನೆಂದೆ ಎಂದು ಒಥೆಲೊ ಕೇಳಿದರೆ, ಏನಿಲ್ಲ ಎನ್ನುತ್ತಾನೆ. ತಲೆಗೆ ಹುಳ ಬಿಡುವ ಕೆಲಸ ಅಲ್ಲಿಗೆ ಮುಗಿಯಿತು. ಆಮೇಲೆ ಅವನು ಮಾಡುವುದೆಲ್ಲ ಹುಳವನ್ನು ಹೊರಗೆ ತೆಗೆಯಲು ಒಲ್ಲೆ ಎನ್ನುವುದು. ನಿಮ್ಮ ಪ್ರೇಮದ ವಿಷಯ ಕ್ಯಾಸಿಯೊಗೆ ಮೊದಲೇ ಗೊತ್ತಿತ್ತೇ ಎಂದು ಕೇಳುತ್ತಾನೆ. ಗೊತ್ತಿತ್ತು, ಇಬ್ಬರ ನಡುವೆ ಓಡಾಡುತ್ತಿದ್ದವನೇ ಅವನು ಎಂದಾಗ, ಹೌದೇ ಎಂದು ಸುಮ್ಮನಾಗುತ್ತಾನೆ. ಒಥೆಲೊ ಆಡಿದ ಪದವನ್ನೇ ಪ್ರಶ್ನೆಯಾಗಿ ತಿರುಗಿಸಿ ಕೊಡುತ್ತಾನೆ. ಆ ಪ್ರತಿಧ್ವನಿಯ ಹಿಂದೆ ಯಾವುದೋ ಭಯಂಕರ ಪ್ರಾಣಿ ಅಡಗಿದೆ ಎಂದು ಒಥೆಲೊಗೇ ಅನಿಸುತ್ತದೆ. ಇಯಾಗೊ ಅರ್ಧ ಹೇಳಿ ಬಿಟ್ಟ ವಾಕ್ಯವನ್ನು ಒಥೆಲೊ ಪೂರ್ತಿ ಮಾಡಿಕೊಳ್ಳುತ್ತಾನೆ. ತಾನೇ ಪೂರ್ತಿ ಮಾಡಿದ್ದು ಎಂಬ ಕಾರಣಕ್ಕೇ ಅದು ಅವನಿಗೆ ನಿಜವೆನಿಸುತ್ತದೆ.

ಸಂಶಯ ಎಂಬ ಪದವನ್ನು ಮೊದಲು ಬಾಯಿಗೆ ತರುವವನು ಒಥೆಲೊ ಅಲ್ಲ. ಸಂಶಯಕ್ಕೆ ಬೀಳಬೇಡಿ, ಅದು ತನ್ನನ್ನು ಉಣಿಸುವವನನ್ನೇ ತಿನ್ನುವ ಪಿಶಾಚಿ ಎಂದು ಹಿತವಚನ ಹೇಳುವ ನೆಪದಲ್ಲಿ ಇಯಾಗೊ ರೋಗದ ಹೆಸರನ್ನು ಹೇಳಿ ರೋಗವನ್ನೇ ಅಂಟಿಸುತ್ತಾನೆ. ಆಮೇಲೆ ಎರಡು ಏಟು. ವೆನಿಸ್ಸಿನ ಹೆಂಗಸರ ರೀತಿ ನನಗೆ ಗೊತ್ತು, ಗಂಡನಿಗೆ ತೋರಿಸಲಾಗದ ಆಟಗಳನ್ನು ಅವರು ದೇವರಿಗೆ ತೋರಿಸುತ್ತಾರೆ ಎನ್ನುತ್ತಾನೆ. ಒಥೆಲೊ ಆ ಊರಿನವನಲ್ಲ, ಇಂಥ ಮಾತನ್ನು ಒರೆಹಚ್ಚಿ ನೋಡಲು ಅವನಿಗೆ ದಾರಿಯೇ ಇಲ್ಲ. ಇನ್ನೊಂದು ಏಟು ಇದಕ್ಕಿಂತ ಕ್ರೂರ: ಅವಳು ನಿಮ್ಮನ್ನು ಮದುವೆಯಾಗಲು ಹೆತ್ತ ತಂದೆಯನ್ನೇ ವಂಚಿಸಿದಳು. ಇದು ನಡೆದ ಸಂಗತಿ. ಮೊದಲ ಅಂಕದಲ್ಲಿ ಅವಳ ತಂದೆ ಬ್ರಬಾನ್ಷಿಯೊ, ತಂದೆಗೆ ಮೋಸ ಮಾಡಿದವಳು ನಿನಗೂ ಮಾಡಿಯಾಳು ಎಂದು ಅಳಿಯನನ್ನು ಎಚ್ಚರಿಸಿ ಹೋಗಿದ್ದ. ಒಥೆಲೊಗಾಗಿ ಡೆಸ್ಡಿಮೋನಾ ತೋರಿದ ಧೈರ್ಯವೇ ಈಗ ಅವಳ ಮೇಲಿನ ಆರೋಪಪಟ್ಟಿಯ ಮೊದಲ ಸಾಲು.

ಒಥೆಲೊ ಸುಮ್ಮನೆ ಬಲಿಯಾಗುವುದಿಲ್ಲ. ಇಯಾಗೊನ ಕುತ್ತಿಗೆ ಹಿಡಿದು, ಕಣ್ಣಿಗೆ ಕಾಣುವ ಸಾಕ್ಷಿ ಕೊಡು, ಇಲ್ಲವಾದರೆ ನೀನು ಉಳಿಯಲಾರೆ ಎಂದು ಗುಡುಗುತ್ತಾನೆ. ಆಗ ಇಯಾಗೊ ಕೇಳುವ ಪ್ರಶ್ನೆ ಬೆಚ್ಚಿಬೀಳಿಸುವಂಥದು: ಹೇಗೆ ನೋಡಬೇಕೆಂದಿದ್ದೀರಿ, ಅವರಿಬ್ಬರನ್ನು ಒಟ್ಟಿಗಿರುವಾಗಲೇ ನೋಡುತ್ತೀರಾ? ಸಾಕ್ಷಿ ಕೇಳಿದವನ ಕಣ್ಣಮುಂದೆ ಚಿತ್ರವೊಂದು ನಿಲ್ಲುತ್ತದೆ. ಚಿತ್ರ ಒಮ್ಮೆ ನಿಂತ ಮೇಲೆ ಸಾಕ್ಷಿ ಯಾರಿಗೂ ಬೇಡ. ನಿದ್ದೆಯಲ್ಲಿ ಕ್ಯಾಸಿಯೊ ಡೆಸ್ಡಿಮೋನಾಳ ಹೆಸರು ಕನವರಿಸಿದ ಎಂಬ ಕಟ್ಟುಕತೆ ಸಾಕಾಗುತ್ತದೆ. ದೃಶ್ಯದ ಕೊನೆಗೆ ಇಬ್ಬರೂ ಮೊಣಕಾಲೂರಿ ಪ್ರತಿಜ್ಞೆ ಮಾಡುತ್ತಾರೆ, ಒಥೆಲೊ ಇಯಾಗೊನನ್ನು ಲೆಫ್ಟಿನೆಂಟ್ ಎಂದು ಘೋಷಿಸುತ್ತಾನೆ. ಯಾವ ಹುದ್ದೆಗಾಗಿ ಇದೆಲ್ಲ ಶುರುವಾಯಿತೋ ಅದು ಕೈಗೆ ಬಂತು. ಇಯಾಗೊ ಅಲ್ಲಿಗೆ ನಿಲ್ಲಿಸುವುದಿಲ್ಲ.

ಕರವಸ್ತ್ರದ ಸಂಗತಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಒಥೆಲೊ ಡೆಸ್ಡಿಮೋನಾಳಿಗೆ ಕೊಟ್ಟ ಮೊದಲ ಉಡುಗೊರೆ ಅದು, ಮೇಲೆ ಸ್ಟ್ರಾಬೆರಿ ಹಣ್ಣಿನ ಕಸೂತಿ. ತಲೆನೋವು ಎಂದ ಗಂಡನ ಹಣೆಗೆ ಅವಳು ಅದನ್ನು ಕಟ್ಟಲು ಹೋಗುತ್ತಾಳೆ. ಚಿಕ್ಕದಾಯಿತು ಎಂದು ಅವನು ಸರಿಸುತ್ತಾನೆ, ಅದು ಕೆಳಗೆ ಬೀಳುತ್ತದೆ. ಬಿದ್ದದ್ದನ್ನು ಬಿಡು ಎಂದು ಹೇಳಿ ಅವಳನ್ನು ಒಳಗೆ ಕರೆದುಕೊಂಡು ಹೋಗುವವನು ಒಥೆಲೊನೇ. ಹೆಂಡತಿಯ ಆರೈಕೆಯ ಕೈಯಿಂದ, ಗಂಡನ ಕೈ ತಾಗಿ ಜಾರಿದ ಬಟ್ಟೆಯ ತುಂಡು ಮುಂದೆ ಅವಳ ಮರಣದಂಡನೆಯ ಪತ್ರವಾಗುತ್ತದೆ. ಎಮಿಲಿಯಾ ಅದನ್ನು ಎತ್ತಿಕೊಂಡು ಗಂಡನಿಗೆ ಕೊಡುತ್ತಾಳೆ. ಇಯಾಗೊ ಅದನ್ನು ಕ್ಯಾಸಿಯೊನ ಕೋಣೆಯಲ್ಲಿ ಬಿಡುತ್ತಾನೆ. ಕ್ಯಾಸಿಯೊ ಕಸೂತಿ ಮೆಚ್ಚಿ, ಇದರ ಹಾಗೇ ಇನ್ನೊಂದು ಮಾಡಿಕೊಡು ಎಂದು ತನ್ನ ಗೆಳತಿ ಬಿಯಾಂಕಾಗೆ ಕೊಡುತ್ತಾನೆ. 1693ರಲ್ಲಿ ಥಾಮಸ್ ರೈಮರ್ ಎಂಬ ವಿಮರ್ಶಕ, ಇಷ್ಟು ಕ್ಷುಲ್ಲಕ ವಸ್ತುವಿನ ಮೇಲೆ ದುರಂತ ಕಟ್ಟುವುದೇ ಎಂದು ಹಂಗಿಸಿದ. ಆದರೆ ಸಂಶಯ ಹಿಡಿದವನ ಕಣ್ಣಿಗೆ ಕ್ಷುಲ್ಲಕ ವಸ್ತು ಎಂಬುದೇ ಇರುವುದಿಲ್ಲ. ರೈಮರ್ ದೋಷ ಎಂದುಕೊಂಡದ್ದೇ ನಾಟಕದ ತಿಳಿವಳಿಕೆ.

ನಾಲ್ಕನೇ ಅಂಕದಲ್ಲಿ ಒಥೆಲೊನ ಭಾಷೆಯೇ ಮುರಿದುಬೀಳುತ್ತದೆ. ಮೊದಲ ಅಂಕದಲ್ಲಿ ಸೆನೆಟ್ ಸಭೆಯನ್ನು ಮಾತಿನಿಂದಲೇ ಗೆದ್ದವನು ಬಿಡಿ ಬಿಡಿ ಪದಗಳನ್ನು ತೊದಲುತ್ತಾ ಮೂರ್ಛೆ ಹೋಗುತ್ತಾನೆ. ಎಚ್ಚೆತ್ತ ಮೇಲೆ ಮರೆಯಲ್ಲಿ ನಿಂತು ಕ್ಯಾಸಿಯೊ ನಗುವುದನ್ನು ನೋಡುತ್ತಾನೆ. ಕ್ಯಾಸಿಯೊ ನಗುತ್ತಿರುವುದು ಬಿಯಾಂಕಾ ವಿಷಯಕ್ಕೆ. ಒಥೆಲೊ ಕೇಳಿಸಿಕೊಳ್ಳುವುದು ಡೆಸ್ಡಿಮೋನಾ ವಿಷಯ. ಸ್ವಲ್ಪ ಹೊತ್ತಿಗೆ ವೆನಿಸ್ಸಿನಿಂದ ಬಂದ ಲೊಡೊವಿಕೊ ಎದುರಿಗೇ ಅವನು ಹೆಂಡತಿಗೆ ಹೊಡೆಯುತ್ತಾನೆ.

ಒಥೆಲೊ ಇಷ್ಟು ಬೇಗ ಕುಸಿದದ್ದು ಯಾಕೆ ಎಂಬುದರಲ್ಲಿ ವಿಮರ್ಶಕರು ಒಮ್ಮತಕ್ಕೆ ಬಂದಿಲ್ಲ. 1904ರಲ್ಲಿ ಎ. ಸಿ. ಬ್ರಾಡ್ಲಿ, ಅವನು ಸ್ವಭಾವತಃ ಸಂಶಯದವನಲ್ಲ, ಯಾರೇ ಆಗಿದ್ದರೂ ಇಯಾಗೊನಂಥವನ ಮುಂದೆ ಸೋಲುತ್ತಿದ್ದರು ಎಂದು ವಾದಿಸಿದ. 1937ರಲ್ಲಿ ಎಫ್. ಆರ್. ಲೀವಿಸ್ ಇದನ್ನು ಒಪ್ಪದೆ, ತನ್ನನ್ನು ತಾನೇ ಮೆಚ್ಚಿಕೊಳ್ಳುವ ಒಥೆಲೊ ಒಳಗಿನಿಂದಲೇ ಸೋಲಲು ಸಿದ್ಧನಿದ್ದ ಎಂದ. ಲೀವಿಸ್ ಮಾತು ತೀಕ್ಷ್ಣವಾದದ್ದು, ಆದರೆ ಒಥೆಲೊ ನಿಂತಿರುವ ನೆಲವನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವನು ಕರಿಯ, ಪರದೇಶಿ, ಬಾಡಿಗೆಯ ಸೇನಾಪತಿ. ವೆನಿಸ್ಸಿಗೆ ಅವನ ಕತ್ತಿ ಬೇಕು, ಅವನು ಅಳಿಯನಾಗುವುದು ಬೇಡ. ಹೆಂಡತಿ ತನ್ನನ್ನು ಪ್ರೀತಿಸಿದ್ದೇ ಪ್ರಕೃತಿಗೆ ವಿರುದ್ಧ ಎಂಬ ಊರಿನ ಮಾತನ್ನು ಇಯಾಗೊ ಅವನ ಬಾಯಿಂದಲೇ ಹೊರಡಿಸುತ್ತಾನೆ. ಈ ತಿರಸ್ಕಾರ ರಂಗಭೂಮಿಯ ಇತಿಹಾಸದಲ್ಲೂ ಕಾಣುತ್ತದೆ: ಬಹುಕಾಲ ಬಿಳಿಯ ನಟರು ಮುಖಕ್ಕೆ ಬಣ್ಣ ಬಳಿದುಕೊಂಡು ಮಾಡುತ್ತಿದ್ದ ಪಾತ್ರವನ್ನು 1833ರಲ್ಲಿ ಲಂಡನ್ನಿನ ಕೊವೆಂಟ್ ಗಾರ್ಡನ್‌ನಲ್ಲಿ ಇರಾ ಆಲ್ಡ್ರಿಜ್ ಎಂಬ ಕರಿಯ ನಟ ವಹಿಸಿದಾಗ ಪತ್ರಿಕೆಗಳು ಹೀನವಾಗಿ ಬರೆದವು. ಆದರೆ 1943ರಲ್ಲಿ ನ್ಯೂಯಾರ್ಕಿನಲ್ಲಿ ಕರಿಯ ನಟ ಪಾಲ್ ರೋಬ್ಸನ್ ಮಾಡಿದ ಒಥೆಲೊ 296 ಪ್ರದರ್ಶನ ಕಂಡಿತು. ಕನ್ನಡಕ್ಕೆ ಈ ಕಥೆ 19ನೇ ಶತಮಾನದಲ್ಲೇ ಬಂದಿತ್ತು. ಮೈಸೂರಿನ ಆಸ್ಥಾನ ಕವಿ ಬಸವಪ್ಪ ಶಾಸ್ತ್ರಿಗಳು ಇದನ್ನು ‘ಶೂರಸೇನ ಚರಿತ್ರೆ’ಯಾಗಿ ಈ ನೆಲದ ಹೆಸರುಗಳಲ್ಲಿ ತಂದರು.

ಸಂಚು ಗೆಲ್ಲಲು ಮಾತು ಎಷ್ಟು ಬೇಕೋ ಮೌನವೂ ಅಷ್ಟೇ ಬೇಕು. ಆ ಮೌನ ಎಮಿಲಿಯಾಳದು. ಕರವಸ್ತ್ರ ಎಲ್ಲಿ ಎಂದು ಒಥೆಲೊ ಗದರಿಸುವಾಗ, ಹೆದರಿದ ಡೆಸ್ಡಿಮೋನಾ ಅದು ಕಳೆದಿಲ್ಲ ಎಂದು ಸುಳ್ಳು ಹೇಳುವಾಗ, ಎಮಿಲಿಯಾ ಅಲ್ಲೇ ನಿಂತಿರುತ್ತಾಳೆ. ಒಂದು ಮಾತು ಆಡಿದ್ದರೆ ನಾಟಕ ಅಲ್ಲಿಗೆ ಮುಗಿಯುತ್ತಿತ್ತು. ಗಂಡನಿಗೆ ಎದುರು ಹೇಳದ ರೂಢಿ ಅವಳ ಬಾಯಿ ಕಟ್ಟಿದೆ. ಕೊಲೆಯ ರಾತ್ರಿ, ಅದಕ್ಕೆ ಸ್ವಲ್ಪ ಮೊದಲು, ಒಡತಿಯನ್ನು ಮಲಗಲು ಸಿದ್ಧಪಡಿಸುತ್ತಾ, ಹೆಂಡತಿಯರೂ ಗಂಡಂದಿರಂತೆಯೇ ರುಚಿ, ವಾಸನೆ ಬಲ್ಲವರು, ಹೆಂಗಸರು ಕೆಟ್ಟರೆ ಅದನ್ನು ಕಲಿಸಿದವರು ಗಂಡಸರೇ ಎಂದು ಅವಳು ಮನಸ್ಸು ಬಿಚ್ಚುತ್ತಾಳೆ. 1622ರ ಮೊದಲ ಮುದ್ರಣದಲ್ಲಿ ಈ ಮಾತುಗಳೂ ಇಲ್ಲ, ಡೆಸ್ಡಿಮೋನಾ ಹಾಡುವ ವಿಲೋ ಮರದ ಹಾಡೂ ಇಲ್ಲ. 1623ರ ಷೇಕ್ಸ್‌ಪಿಯರ್ ನಾಟಕಗಳ ಬೃಹತ್ ಸಂಪುಟದಲ್ಲಿ ಸುಮಾರು 160 ಸಾಲು ಹೆಚ್ಚಿಗೆ ಇದ್ದು, ಅವುಗಳಲ್ಲಿ ಇವು ಸೇರಿವೆ. ಇವಿಲ್ಲದಿದ್ದರೆ ಕೊನೆಯ ದೃಶ್ಯದ ಎಮಿಲಿಯಾ ಅರ್ಥವಾಗುವುದು ಕಷ್ಟ.

ಆ ಕೊನೆಯ ದೃಶ್ಯದಲ್ಲಿ ಡೆಸ್ಡಿಮೋನಾ ಸಾಯುತ್ತಾ, ಇದನ್ನು ಯಾರೂ ಮಾಡಲಿಲ್ಲ, ನಾನೇ ಮಾಡಿಕೊಂಡೆ ಎನ್ನುತ್ತಾಳೆ. ಕರವಸ್ತ್ರದ ಮಾತು ಒಥೆಲೊ ಬಾಯಿಂದ ಬಿದ್ದೊಡನೆ ಎಮಿಲಿಯಾಗೆ ಎಲ್ಲವೂ ಹೊಳೆಯುತ್ತದೆ. ಮನೆಗೆ ಹೋಗು, ಬಾಯಿ ಮುಚ್ಚು ಎಂದು ಇಯಾಗೊ ಆಜ್ಞೆ ಮಾಡುತ್ತಾನೆ. ಗಂಡನ ಮಾತು ಕೇಳುವುದು ಧರ್ಮ, ಆದರೆ ಈಗಲ್ಲ ಎಂದು ಅವಳು ಎಲ್ಲರ ಮುಂದೆ ಸತ್ಯ ಹೇಳುತ್ತಾಳೆ. ಮೂರನೇ ಅಂಕದಿಂದ ತಡೆದಿದ್ದ ಮಾತು ಕಟ್ಟೆ ಒಡೆದಂತೆ ಬರುತ್ತದೆ. ಇಯಾಗೊ ಅವಳನ್ನು ಇರಿದು ಓಡುತ್ತಾನೆ. ಒಡತಿಯ ಪಕ್ಕ ಮಲಗಿಸಿ ಎಂದು ಕೇಳಿಕೊಂಡು, ಅದೇ ವಿಲೋ ಹಾಡನ್ನು ನೆನೆಯುತ್ತಾ ಅವಳು ಸಾಯುತ್ತಾಳೆ.

ಹಿಡಿದು ತಂದ ಇಯಾಗೊನನ್ನು ಒಥೆಲೊ ಕೇಳುವುದು ಒಂದೇ: ನನ್ನ ದೇಹವನ್ನೂ ಆತ್ಮವನ್ನೂ ಯಾಕೆ ಹೀಗೆ ಬಲೆಗೆ ಕೆಡವಿದೆ? ನಾಟಕದಲ್ಲಿ ಒಥೆಲೊಗಿಂತಲೂ ಹೆಚ್ಚು ಸಾಲು ಮಾತಾಡಿದ ಇಯಾಗೊ, ಇನ್ನು ಒಂದು ಪದವನ್ನೂ ಆಡುವುದಿಲ್ಲ ಎಂದು ಹೇಳಿ ಬಾಯಿ ಮುಚ್ಚುತ್ತಾನೆ. ಹಿಂದೆ ಅಲೆಪ್ಪೊ ಪಟ್ಟಣದಲ್ಲಿ ವೆನಿಸ್ಸಿನವನೊಬ್ಬನನ್ನು ಹೊಡೆದ ತುರ್ಕನನ್ನು ತಾನು ಹೇಗೆ ಕೊಂದೆ ಎಂದು ವಿವರಿಸುತ್ತಲೇ ಒಥೆಲೊ ಅದೇ ಬಗೆಯಲ್ಲಿ ತನ್ನನ್ನು ಇರಿದುಕೊಳ್ಳುತ್ತಾನೆ. ವೆನಿಸ್ಸನ್ನು ಕಾಯುವವನೂ ಅವನೇ, ಅದರ ಶತ್ರುವೂ ಅವನೇ. ಲೊಡೊವಿಕೊ ಸೈಪ್ರಸ್ಸಿನ ಅಧಿಕಾರವನ್ನು ಕ್ಯಾಸಿಯೊಗೆ ಒಪ್ಪಿಸಿ, ಇಯಾಗೊನ ಶಿಕ್ಷೆಯನ್ನೂ ಅವನಿಗೇ ಬಿಡುತ್ತಾನೆ. ಹಾಸಿಗೆಯ ಮೇಲಿನ ನೋಟವನ್ನು ಮರೆಮಾಡಲು ಹೇಳಿ, ನಡೆದದ್ದನ್ನು ತಿಳಿಸಲು ವೆನಿಸ್ಸಿನ ಹಡಗು ಹತ್ತಲು ಹೊರಡುತ್ತಾನೆ.